ವಾರಂಟಿ ಮುಗಿದ ನಾಲ್ಕನೇ ತಿಂಗಳಿಗೆ ಕೆಟ್ಟ ಎಂಜಿನ್: ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪ್ರಕರಣ

ಈ ಪ್ರಕರಣದ ಕಾಗದಪತ್ರಗಳನ್ನೆಲ್ಲ ನೋಡುವ ಮತ್ತು ಕೆಲವು ಪತ್ರಗಳ ಕರಡನ್ನು ಸಿದ್ಧಪಡಿಸಿಕೊಡುವ ಅವಕಾಶ ನನಗೆ ಸಿಕ್ಕಿತ್ತು. ಕುಟುಂಬದವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ; ಕಾರು ತಯಾರಿಸಿದ ಕಂಪನಿಯನ್ನಾಗಲಿ ಸರ್ವಿಸ್ ಸೆಂಟರನ್ನಾಗಲಿ ಹೆಸರಿಸಿಲ್ಲ. ವಾರಂಟಿ ಮುಗಿದ ಮೇಲೆ ಕಂಪನಿಯನ್ನು ಕೇಳಿ ಫಲವಿಲ್ಲವೆಂದು ಜನ ಮೊದಲ ನಿರಾಕರಣೆಗೇ ಸುಮ್ಮನಾಗಿಬಿಡುತ್ತಾರೆ. ವಾರಂಟಿ ಯಾವ ದಿನ ಮುಗಿಯಿತು ಎಂಬುದರಷ್ಟೇ, ಎಂಜಿನ್‌ನ ದೋಷ ಯಾವಾಗ ತಲೆದೋರಿತು ಎಂಬುದೂ ಮುಖ್ಯವೆಂದು ಈ ಪ್ರಕರಣ ನನಗೆ ಮನದಟ್ಟು ಮಾಡಿಕೊಟ್ಟಿತು.

ಹಿನ್ನೆಲೆ

ಶಿಡ್ಲಘಟ್ಟ ಸೀಮೆಯ ಈ ಕುಟುಂಬದಲ್ಲಿ ಪತ್ನಿ ಸರ್ಕಾರಿ ಶಾಲೆಯ ಶಿಕ್ಷಕಿ. ಪತಿ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ಸಣ್ಣ ರೀಲಿಂಗ್ ಘಟಕವನ್ನು ನಡೆಸುತ್ತಾರೆ. 2021ರ ಜೂನ್‌ನಲ್ಲಿ ಶಿಕ್ಷಕಿಯ ಹೆಸರಿನಲ್ಲಿ, ಅವರ ಸಂಬಳದ ಆಧಾರದ ಮೇಲೆ ಸಾಲ ಮಾಡಿ, 9.4 ಲಕ್ಷ ರೂಪಾಯಿಯ ಪೆಟ್ರೋಲ್ ಕಾರನ್ನು ಕೊಂಡರು. ಮೂರು ವರ್ಷ ಅಥವಾ 1,00,000 ಕಿಲೋಮೀಟರ್, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇತ್ತು. ಎಲ್ಲ ಸರ್ವಿಸ್‌ಗಳೂ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಆಗಿದ್ದವು. 30,000 ಕಿಲೋಮೀಟರಿಗೆ ಆಗಬೇಕಿದ್ದ ಸರ್ವಿಸ್ ಮಾತ್ರ 31,700ಕ್ಕೆ ಆಗಿತ್ತು. 2024ರ ಮೇ ತಿಂಗಳಲ್ಲಿ ವಾರಂಟಿ ವಿಸ್ತರಿಸಿಕೊಳ್ಳುವಂತೆ ಸರ್ವಿಸ್ ಸೆಂಟರ್‌ನಿಂದ ಫೋನ್ ಬಂದಾಗ, ಮಕ್ಕಳ ಶಾಲಾ ಶುಲ್ಕದ ಕಾಲವಾದ್ದರಿಂದ ಮುಂದಿನ ತಿಂಗಳು ನೋಡೋಣವೆಂದರು. ಮೂಲ ವಾರಂಟಿ ಚಾಲ್ತಿಯಲ್ಲಿರುವಾಗಲೇ ಅದನ್ನು ಮಾಡಿಸಬೇಕಿತ್ತು. ಜೂನ್ ಕಳೆದ ಮೇಲೆ ಆ ಬಾಗಿಲು ಮುಚ್ಚಿತು.

ಸಮಸ್ಯೆ

2024ರ ಅಕ್ಟೋಬರ್‌ನಲ್ಲಿ ಪತಿ ಬಾಗೇಪಲ್ಲಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹಿಂದಿರುಗುತ್ತಿದ್ದರು. ಪೇರೇಸಂದ್ರಕ್ಕೆ ಸ್ವಲ್ಪ ಮುಂಚೆ ಎಂಜಿನ್ ದೀಪ ಹೊತ್ತಿಕೊಂಡಿತು. ಗಾಡಿ ಎರಡು ಬಾರಿ ಜಗ್ಗಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಎಂದಿನ ಒತ್ತಡವಿಲ್ಲದೆ ಹಗುರವಾಗಿ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಮೀಟರ್ ಸುಮಾರು 56,000 ಕಿಲೋಮೀಟರ್ ತೋರಿಸುತ್ತಿತ್ತು. ಮತ್ತೆ ಮತ್ತೆ ಸ್ಟಾರ್ಟ್ ಮಾಡದೆ, ಹತ್ತಿರದ ಗ್ಯಾರೇಜಿನವರಿಂದ ಎಂಜಿನ್ ಬಿಚ್ಚಿಸದೆ, ನೇರವಾಗಿ ಸರ್ವಿಸ್ ಸೆಂಟರ್‌ಗೆ ಎಳೆಸಿಕೊಂಡು ಹೋದರು. ದಾರಿಬದಿಯಲ್ಲಿ ಒಮ್ಮೆ ಎಂಜಿನ್ ಬಿಚ್ಚಿದ್ದರೆ ಮುಂದಿನ ಪತ್ರವ್ಯವಹಾರಕ್ಕೆಲ್ಲ ಅರ್ಥವಿರುತ್ತಿರಲಿಲ್ಲ.

ಕಾರಿನ ಕಂಪ್ಯೂಟರ್‌ನಲ್ಲಿ ಪಿ0016 ಎಂಬ ದೋಷಸಂಕೇತ ದಾಖಲಾಗಿತ್ತು. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್‌ಶಾಫ್ಟ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳ ತಿರುಗುವಿಕೆ ಒಂದಕ್ಕೊಂದು ಹೊಂದಿಕೆ ತಪ್ಪಿದಾಗ ಬರುವ ಸಂಕೇತ ಅದು. ಈ ಎರಡನ್ನೂ ಜೋಡಿಸುವುದು ಟೈಮಿಂಗ್ ಚೈನ್. ಆ ಚೈನನ್ನು ಬಿಗಿಯಾಗಿ ಹಿಡಿದಿಡುವುದು ಎಂಜಿನ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್. ಟೆನ್ಷನರ್ ಹಿಡಿತ ಬಿಟ್ಟರೆ ಚೈನ್ ಸಡಿಲಗೊಂಡು ಹಲ್ಲು ಜಾರುತ್ತದೆ. ಈ ಬಗೆಯ ಎಂಜಿನ್‌ನಲ್ಲಿ ತೆರೆದ ವಾಲ್ವ್‌ಗಳಿಗೆ ಮೇಲೇರುವ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಇಲ್ಲಿ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಹುಟ್ಟಬೇಕಾದ ಒತ್ತಡ, ಇರಲೇ ಇಲ್ಲ. ರಬ್ಬರ್ ಬೆಲ್ಟ್‌ಗೆ ಇರುವಂತೆ ಈ ಚೈನ್‌ಗೆ ಇಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬ ಸೂಚನೆ ಆ ಕಾರಿನ ಕೈಪಿಡಿಯಲ್ಲಿ ಇರಲಿಲ್ಲ, ಅಂದರೆ ಅದು ಸವೆದು ಬದಲಾಗುವ ಭಾಗವೆಂದು ಕಂಪನಿಯೇ ಎಣಿಸಿರಲಿಲ್ಲ.

ಸರ್ವಿಸ್ ಸೆಂಟರ್‌ನವರು ಮಾತ್ರ ಬೇರೆ ಕಾರಣ ಹೇಳಿದರು. ಎಂಜಿನ್ನನ್ನು ತಂಪಾಗಿಡುವ ಕೂಲಂಟ್‌ನ ಬಣ್ಣ ತೆಳುವಾಗಿದೆ, ನೀವು ಬೋರ್ ನೀರು ಸುರಿದಿದ್ದೀರಿ, ಎಂಜಿನ್ ಕಾದು ಹಾಳಾಗಿದೆ, ಪೂರ್ತಿ ಎಂಜಿನ್ ಅಸೆಂಬ್ಲಿ ಬದಲಿಸಬೇಕು ಎಂದು 2,38,000 ರೂಪಾಯಿಯ ಎಸ್ಟಿಮೇಟ್ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಯಾರೂ ತಕ್ಷಣ ಅಲ್ಲಗಳೆಯಲಾರರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಸಾವಿರ ಅಡಿಗೂ ಆಳದಿಂದ ಎತ್ತುವ ಗಡಸು ನೀರು ಪಾತ್ರೆಯ ಒಳಮೈಗೆ ಬಿಳಿ ಪದರ ಕಟ್ಟಿಸುವುದನ್ನು ದಿನವೂ ನೋಡುತ್ತೇವೆ. ರೇಡಿಯೇಟರ್‌ಗೂ ಅದು ಒಳ್ಳೆಯದಲ್ಲ. ಪತಿ ಒಮ್ಮೆ ಚಿಂತಾಮಣಿ ರಸ್ತೆಯಲ್ಲಿ ಒಂದು ಲೀಟರಿನಷ್ಟು ನೀರನ್ನು ಹಾಕಿದ್ದೂ ನಿಜವಾಗಿತ್ತು. ಹಾಗಾಗಿ ಅವರು ಅರ್ಧ ಸೋತವರಂತೆಯೇ ಮನೆಗೆ ಬಂದರು.

ಎಂಜಿನ್ ಬಿಚ್ಚುವ ಮುನ್ನ

ಎಂಜಿನ್ ಬಿಚ್ಚಲು ಒಪ್ಪಿಗೆ ಸಹಿ ಕೇಳಿದಾಗ ಶಿಕ್ಷಕಿ ಮಾಡಿದ ಕೆಲಸವನ್ನು ಇಡೀ ಪ್ರಕರಣದ ಅತ್ಯಂತ ಬೆಲೆಬಾಳುವ ನಿರ್ಧಾರವೆಂದು ನಾನು ಎಣಿಸುತ್ತೇನೆ. ಅವರು ಸಹಿಗೆ ಮೊದಲು, ಗ್ರಾಹಕರ ದೂರು ಮತ್ತು ಮಾಡಬೇಕಾದ ಕೆಲಸವನ್ನು ಸರ್ವಿಸ್ ಸೆಂಟರ್ ಬರೆದುಕೊಳ್ಳುವ ಜಾಬ್ ಕಾರ್ಡಿನ ಮೇಲೆಯೇ ಕೈಬರಹದಲ್ಲಿ, ಎಂಜಿನ್ ಬಿಚ್ಚುವಾಗ ತಮ್ಮ ಕಡೆಯವರು ಹಾಜರಿರಬೇಕು, ಫೋಟೊ ತೆಗೆಯಲು ಬಿಡಬೇಕು, ತೆಗೆದ ಯಾವ ಭಾಗವನ್ನೂ ತಮಗೆ ಹೇಳದೆ ವಿಲೇವಾರಿ ಮಾಡಬಾರದು ಎಂದು ಬರೆದರು. ಸರ್ವಿಸ್ ಅಡ್ವೈಸರ್ "ಇದೆಲ್ಲ ಬೇಕಾಗಿಲ್ಲ ಮೇಡಂ, ನಾವೇ ರಿಪೋರ್ಟ್ ಕೊಡ್ತೀವಿ" ಎಂದರಂತೆ. "ನೀವು ಕೊಡೋದನ್ನೂ ಕೊಡಿ, ನಾವು ನೋಡೋದನ್ನೂ ನೋಡ್ತೀವಿ" ಎಂದು ಇವರು ಹೇಳಿ, ಬರೆದ ಹಾಳೆಯ ಪ್ರತಿಯನ್ನು ಅಲ್ಲೇ ಪಡೆದುಕೊಂಡರು.

ಬಿಚ್ಚುವ ದಿನ ಚಿಕ್ಕಬಳ್ಳಾಪುರದ ಹಿರಿಯ ಮೆಕ್ಯಾನಿಕ್ ಒಬ್ಬರು ಜೊತೆಗಿದ್ದರು. ವಾದಕ್ಕೆ ಇಳಿಯದೆ ಒಂದೊಂದನ್ನೇ ಅಳೆಯಿಸಿದ್ದು ಅವರ ದೊಡ್ಡತನ. ಎಂಜಿನ್ ಅತಿಯಾಗಿ ಕಾದಿದ್ದರೆ ಸಿಲಿಂಡರ್ ಹೆಡ್ ಬಾಗಿರುವ ಸಂಭವ ಹೆಚ್ಚು; ಹೆಡ್‌ನ ಮೇಲೆ ನೇರಪಟ್ಟಿಯನ್ನಿಟ್ಟು ಫೀಲರ್ ಗೇಜ್ ತೂರಿಸಿ ನೋಡಿದಾಗ ಅದು ಕಂಪನಿಯ ಮಿತಿಯೊಳಗೇ ಇತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟಿರಲಿಲ್ಲ. ಕೂಲಂಟ್‌ನಲ್ಲಿ ಆಯಿಲ್, ಆಯಿಲ್‌ನಲ್ಲಿ ಕೂಲಂಟ್ ಬೆರೆತಿರಲಿಲ್ಲ. ದೋಷಸಂಕೇತ ದಾಖಲಾದ ಗಳಿಗೆಯ ಸ್ಥಿತಿಯನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಎಂದು ಉಳಿಸಿಕೊಂಡಿರುತ್ತದೆ. ಅದರಲ್ಲಿ ಕೂಲಂಟ್‌ನ ಉಷ್ಣತೆ 91 ಡಿಗ್ರಿ ಎಂದಿತ್ತು, ಅದು ಬಿಸಿಯಾದ ಎಂಜಿನ್‌ಗೆ ಸಹಜವಾದ ಮಟ್ಟ. ವಾಲ್ವ್ ಕವರ್‌ನ ಕೆಳಗೆ ಕಪ್ಪು ಜಿಡ್ಡು ಕಟ್ಟಿರಲಿಲ್ಲ, ಆದ್ದರಿಂದ 1,700 ಕಿಲೋಮೀಟರ್ ತಡವಾದ ಆ ಒಂದು ಸರ್ವಿಸ್ ಆಯಿಲ್ ದಾರಿಗಳನ್ನು ಮುಚ್ಚಿತ್ತೆಂದು ಹೇಳುವಂತಿರಲಿಲ್ಲ. ಚೈನನ್ನು ಒತ್ತಿಹಿಡಿಯುವ ಟೆನ್ಷನರ್‌ನ ಪ್ಲಂಜರನ್ನು ಬೆರಳಿನಿಂದ ಒತ್ತಿದರೆ ಅದು ಒಳಗೆ ಕುಸಿದೇ ಇರುತ್ತಿತ್ತು. ಚೈನ್ ಜಾರುವ ಗೈಡ್ ಬಿರುಕುಬಿಟ್ಟಿತ್ತು.

ಬೋರ್ ನೀರಿನ ವಾದ ಆ ಸಂಜೆಗೇ ಬಿದ್ದುಹೋಯಿತು. ಬ್ಲಾಕ್ ಮತ್ತು ಕ್ರ್ಯಾಂಕ್ ಸರಿಯಿದ್ದುದರಿಂದ ಪೂರ್ತಿ ಎಂಜಿನ್ ಬದಲಿಸುವ ಅಗತ್ಯವೂ ಉಳಿಯಲಿಲ್ಲ. ಪರಿಷ್ಕೃತ ಎಸ್ಟಿಮೇಟ್‌ನಲ್ಲಿ ತೆರಿಗೆ ಸೇರಿ ಭಾಗಗಳಿಗೆ 92,000, ಕೂಲಿಗೆ 24,000, ಆಯಿಲ್, ಕೂಲಂಟ್ ಮೊದಲಾದವುಗಳಿಗೆ 6,400 ರೂಪಾಯಿ ಎಂದಾಯಿತು. ಕಂಪನಿ ಇನ್ನೂ ಒಂದು ರೂಪಾಯಿಯನ್ನೂ ಕೊಡುವ ಮಾತಾಡಿರಲಿಲ್ಲ. ಆದರೆ ಎದುರಿಗೆ ನಿಂತು ಅಳೆಯಿಸಿದ್ದರಿಂದಲೇ ಖರ್ಚು ಸುಮಾರು ಅರ್ಧಕ್ಕೆ ಇಳಿದಿತ್ತು.

ವಿಮೆಯನ್ನೂ ಕೇಳಿ ನೋಡಿದರು. ಯಾಂತ್ರಿಕ ಕೆಡುಕು ಮತ್ತು ಸವೆತ ಸಾಮಾನ್ಯ ಮೋಟಾರು ಪಾಲಿಸಿಯ ಹೊರಗಿರುವುದರಿಂದ ಅಲ್ಲಿ ಏನೂ ಆಗಲಿಲ್ಲ.

ಎರಡು ಪತ್ರಗಳು

ಕಂಪನಿಗೆ ಹೋದ ಮೊದಲ ಇಮೇಲ್ ಪತಿ ಸಿಟ್ಟಿನಲ್ಲಿ ಬರೆದದ್ದು. ಹೊಸ ಕಾರು ಕೊಡಬೇಕು, ಐದು ಲಕ್ಷ ಪರಿಹಾರ ಕೊಡಬೇಕು, ಇಲ್ಲವಾದರೆ ಸಾಮಾಜಿಕ ಜಾಲತಾಣದಲ್ಲಿ ಮಾನ ಕಳೆಯುತ್ತೇನೆ ಎಂಬುದು ಅದರ ಸಾರ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಸಾಲದ ಕಂತು ಕಟ್ಟುತ್ತಲೇ ಬಸ್ಸಿಗೆ ನಿಲ್ಲಬೇಕಾದವರ ಸಿಟ್ಟು ಅದು. ಆದರೆ ಆ ಇಮೇಲ್‌ಗೆ ಬಂದದ್ದು ಎರಡೇ ಸಾಲಿನ ಉತ್ತರ: ವಾರಂಟಿ ಅವಧಿ ಮುಗಿದಿದೆ, ನೋಂದಾಯಿತ ಮಾಲೀಕರೊಂದಿಗೆ ಮಾತ್ರ ವ್ಯವಹರಿಸುತ್ತೇವೆ. ಕಾರು ಪತ್ನಿಯ ಹೆಸರಿನಲ್ಲಿತ್ತು. ಪತ್ರ ಬರೆದವರು ಮಾಲೀಕರೇ ಅಲ್ಲವೆಂಬ ಕಾರಣಕ್ಕೆ ಉಳಿದ ವಿಷಯವನ್ನು ಓದುವ ತೊಂದರೆಯನ್ನೇ ಅವರು ತೆಗೆದುಕೊಂಡಿರಲಿಲ್ಲ.

ಎರಡನೆಯ ಪತ್ರದ ಹೊತ್ತಿಗೆ ನಾನು ಅವರೊಡನೆ ಕುಳಿತಿದ್ದೆ. ಅದು ಶಿಕ್ಷಕಿಯ ಹೆಸರಿನಲ್ಲಿ, ಒಂದೇ ಪುಟದಲ್ಲಿ, ಒಂದೇ ಕೋರಿಕೆಯೊಂದಿಗೆ ಹೋಯಿತು: ಬದಲಿಸುವ ಅವಧಿಯನ್ನೇ ನಿಗದಿಪಡಿಸದ ಭಾಗವೊಂದು 56,000 ಕಿಲೋಮೀಟರಿಗೆ ಸೋತಿರುವುದರಿಂದ, ವಾರಂಟಿ ಮುಗಿದಿದ್ದರೂ ಗುಡ್‌ವಿಲ್ ಆಧಾರದ ಮೇಲೆ ಭಾಗಗಳ ವೆಚ್ಚವನ್ನು ಕಂಪನಿ ಭರಿಸಬೇಕು. ಅಳತೆಗಳ ಫೋಟೊ, ಫ್ರೀಜ್ ಫ್ರೇಮ್‌ನ ಮುದ್ರಿತ ಪ್ರತಿ, ಎಲ್ಲ ಸರ್ವಿಸ್ ಬಿಲ್ಲುಗಳು ಜೊತೆಗಿದ್ದವು. ತಡವಾದ ಸರ್ವಿಸ್ ಮತ್ತು ಒಮ್ಮೆ ಹಾಕಿದ ನೀರು, ಇವೆರಡನ್ನೂ ಪತ್ರದಲ್ಲೇ ಹೇಳಿಬಿಡಬೇಕೆ ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯಾಯಿತು. "ನಾವೇ ಬರೆದುಕೊಟ್ಟರೆ ಅದನ್ನೇ ಹಿಡ್ಕೋತಾರೆ" ಎಂದು ಪತಿ ವಿರೋಧಿಸಿದರು. "ಎರಡೂ ಅವರಿಗೆ ಗೊತ್ತಿರೋದೇ ಅಲ್ವೇನ್ರೀ, ಬಚ್ಚಿಟ್ಟರೆ ಉಳಿದದ್ದನ್ನೂ ನಂಬೋದಿಲ್ಲ" ಎಂದರು ಪತ್ನಿ. ಅವರ ಮಾತೇ ನಡೆಯಿತು. ಮುಂದೆ ಬಂದ ಏರಿಯಾ ಸರ್ವಿಸ್ ಮ್ಯಾನೇಜರ್ ಈ ಎರಡು ವಿಷಯಗಳನ್ನು ಕೆದಕಲೇ ಇಲ್ಲ. ಹೇಳಿದ ಮೇಲೆ ಕೆದಕಲು ಅಲ್ಲಿ ಏನೂ ಉಳಿದಿರಲಿಲ್ಲ.

ಗುಡ್‌ವಿಲ್ ಕೇಳುವುದಕ್ಕೂ ಹಕ್ಕು ಕೇಳುವುದಕ್ಕೂ ಇರುವ ಅಂತರವನ್ನು ಇಲ್ಲಿ ಹೇಳಬೇಕು. ಗುಡ್‌ವಿಲ್ ಎಂದರೆ ಕಂಪನಿ ತನ್ನ ಹೆಸರನ್ನೂ ಗ್ರಾಹಕರ ಸರ್ವಿಸ್ ಇತಿಹಾಸವನ್ನೂ ನೋಡಿ ತಾನಾಗಿ ಕೊಡುವ ನೆರವು; ಅದಕ್ಕೆ ಕಾನೂನಿನ ಬಲವಿಲ್ಲ, ಎಷ್ಟು ಕೊಡಬೇಕೆಂಬುದು ಅವರ ಇಚ್ಛೆ. ಹಕ್ಕಿಗೆ ಆಧಾರ ಬೇಕು, ದಾಖಲೆ ಬೇಕು. ಒಂದೇ ಪತ್ರದಲ್ಲಿ ಬೇಡಿಕೊಂಡು ಅದರಲ್ಲೇ ಬೆದರಿಸಿದರೆ ಎರಡಕ್ಕೂ ಬಲ ಬರುವುದಿಲ್ಲ. ಆ ಹಂತದಲ್ಲಿ ಇವರ ಕೈಯಲ್ಲಿ ಹಕ್ಕಿನ ದಾಖಲೆಯಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಗುಡ್‌ವಿಲ್ ಕೇಳಿದೆವು. ಭಾಗಗಳ ಬೆಲೆಯಲ್ಲಿ ಶೇಕಡ 40ರಷ್ಟನ್ನು, ಅಂದರೆ 36,800 ರೂಪಾಯಿಯನ್ನು, ಕಂಪನಿ ಭರಿಸುತ್ತದೆಂಬ ಉತ್ತರ ನವೆಂಬರ್‌ನಲ್ಲಿ ಬಂತು. ಒಂದು ವಾರದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಸರ್ವಿಸ್ ಸೆಂಟರ್‌ನಲ್ಲಿ ಗಾಡಿ ನಿಂತಿರುವುದಕ್ಕೆ ದಿನದ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ ಎಂದೂ ಇತ್ತು. ಪತಿ ಒಪ್ಪಿಬಿಡೋಣವೆಂದರು.

ಒಂದು ಜಾಬ್ ಕಾರ್ಡ್

ಒಪ್ಪುವ ಮುನ್ನ ಶಿಕ್ಷಕಿ ಹಿರಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿ, "ಅಣ್ಣಾ, ಟೆನ್ಷನರ್ ಒಂದೇ ದಿನದಲ್ಲಿ ಹೀಗಾಗುತ್ತಾ?" ಎಂದು ಕೇಳಿದರು. ಹಾಗಾಗುವುದು ಅಪರೂಪ, ಮೊದಮೊದಲು ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಆಯಿಲ್ ಒತ್ತಡ ಏರುವವರೆಗೆ ಒಂದೆರಡು ಕ್ಷಣ ಸಡಿಲ ಚೈನ್ ಬಡಿದುಕೊಳ್ಳುವ ಸದ್ದು ಬರುತ್ತದೆ ಎಂದು ಅವರು ವಿವರಿಸಿದರು. ಆ ಸದ್ದು ಶಿಕ್ಷಕಿಗೆ ನೆನಪಿತ್ತು. ಬ್ರೇಕ್ ಕೆಲಸಕ್ಕೆಂದು 2024ರ ಫೆಬ್ರವರಿಯಲ್ಲಿ ಗಾಡಿ ಬಿಟ್ಟಾಗ ಅದನ್ನು ಹೇಳಿದ್ದರು. ಫೈಲಿನಲ್ಲಿದ್ದ ಆ ಜಾಬ್ ಕಾರ್ಡಿನಲ್ಲಿ, 44,800 ಕಿಲೋಮೀಟರ್ ಎಂಬ ನಮೂದಿನ ಕೆಳಗೆ, ಗ್ರಾಹಕರ ದೂರಿನ ಅಂಕಣದಲ್ಲಿ "ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್‌ನಿಂದ ಸದ್ದು" ಎಂಬರ್ಥದ ಸಾಲಿತ್ತು. ಕೈಗೊಂಡ ಕ್ರಮದ ಅಂಕಣದಲ್ಲಿ "ಪರಿಶೀಲಿಸಿದೆ, ಸಹಜ" ಎಂದಿತ್ತು. ಏಪ್ರಿಲ್‌ನಲ್ಲಿ ಅದೇ ಸದ್ದಿನ ವಿಡಿಯೊವನ್ನು ಅವರು ಸರ್ವಿಸ್ ಅಡ್ವೈಸರ್‌ಗೆ ವಾಟ್ಸಾಪ್‌ನಲ್ಲಿ ಕಳುಹಿಸಿದ್ದೂ ಸಿಕ್ಕಿತು. ಎರಡೂ ವಾರಂಟಿಯ ಅವಧಿಯೊಳಗಿನವು.

ಪ್ರಕರಣದ ಸ್ವರೂಪವೇ ಇಲ್ಲಿ ಬದಲಾಯಿತು. ಅಲ್ಲಿಯವರೆಗೆ ವಾರಂಟಿ ಮುಗಿದ ಮೇಲೆ ಕೆಟ್ಟ ಎಂಜಿನ್ ಎಂದು ಎಲ್ಲರೂ ಮಾತಾಡುತ್ತಿದ್ದೆವು. ವಾರಂಟಿಯಲ್ಲಿರುವಾಗಲೇ ಲಕ್ಷಣ ತೋರಿ, ಮಾಲೀಕರು ತಿಳಿಸಿ, ಅಧಿಕೃತ ಸರ್ವಿಸ್ ಸೆಂಟರ್ ಸಹಜವೆಂದು ಬಿಟ್ಟ ದೋಷವೊಂದು ಮುಂದುವರಿದು ಎಂಜಿನ್‌ಗೆ ಪೆಟ್ಟು ಕೊಟ್ಟಿದೆ ಎಂಬುದಕ್ಕೆ ಈಗ ಕಾಗದವಿತ್ತು. ಹಿರಿಯ ಮೆಕ್ಯಾನಿಕ್ ಇನ್ನೊಂದನ್ನು ಗಮನಿಸಿದ್ದರು: ಆ ಮಾದರಿಯ ಟೆನ್ಷನರ್‌ನ ಪಾರ್ಟ್ ನಂಬರ್ ಬದಲಾಗಿ, ಹಳೆಯದರ ಜಾಗಕ್ಕೆ ಹೊಸದು ಬಂದಿತ್ತು. ಪತಿ ಇದನ್ನೇ ದೊಡ್ಡ ಸಾಕ್ಷಿಯೆಂದು ಹಿಡಿದುಕೊಂಡರು, ನಾನು ಒಪ್ಪಲಿಲ್ಲ. ಸರಬರಾಜುದಾರರು ಬದಲಾದರೂ ನಂಬರ್ ಬದಲಾಗಬಹುದು. ಆದ್ದರಿಂದ ಅದನ್ನು ಆರೋಪವಾಗಿ ಬರೆಯದೆ, ಯಾವ ಕಾರಣಕ್ಕೆ ಬದಲಿಸಲಾಯಿತೆಂದು ತಿಳಿಸಿ ಎಂಬ ಪ್ರಶ್ನೆಯಾಗಿ ಬರೆದೆವು. ಆ ಪ್ರಶ್ನೆಗೆ ಕೊನೆಯವರೆಗೂ ಉತ್ತರ ಬರಲಿಲ್ಲ.

ಆಯೋಗವೋ ಮಾತುಕತೆಯೋ

ಶೇಕಡ 40ರ ಕೊಡುಗೆಯನ್ನು ಒಪ್ಪಲಿಲ್ಲ. ಹಾಗೆಂದು ನೇರವಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೂ ಹೋಗಲಿಲ್ಲ. ಆದರೆ ಹೋಗಲು ಸಿದ್ಧರಾಗಿಯೇ ಮಾತಾಡಿದರು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ, ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದರಿಂದ ಹತ್ತು ಲಕ್ಷ ರೂಪಾಯಿ ಬೆಲೆಯ ಸರಕಿಗೆ ಶುಲ್ಕ 200 ರೂಪಾಯಿ ಮಾತ್ರ ಎಂಬುದು ಅವರಿಗೆ ಧೈರ್ಯ ಕೊಟ್ಟಿತು. ವಾರದೊಳಗೆ ಒಪ್ಪಬೇಕೆಂಬ ಒತ್ತಡದ ಎದುರು ಎರಡು ವರ್ಷದ ಅವಕಾಶವಿದೆಯೆಂಬ ತಿಳಿವಳಿಕೆ ಎಷ್ಟು ನೆಮ್ಮದಿ ಕೊಡುತ್ತದೆಂಬುದನ್ನು ನಾನು ಅವರ ಮುಖದಲ್ಲೇ ಕಂಡೆ. ಇನ್ನೊಂದು ಕಡೆ ಕಷ್ಟಗಳೂ ಇದ್ದವು. ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದ ದೋಷವಾದರೆ ಆಯೋಗ ಅದನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅಲ್ಲಿಯವರೆಗೆ ಗಾಡಿಯನ್ನು ಬಿಚ್ಚಿದ ಸ್ಥಿತಿಯಲ್ಲೇ ಇಡಬೇಕು. ಕಾಯ್ದೆ ಮೂರು ಅಥವಾ ಐದು ತಿಂಗಳ ಗುರಿ ಹೇಳಿದರೂ ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯುವುದುಂಟು.

ಡಿಸೆಂಬರ್‌ನಲ್ಲಿ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಕನ್ನಡದಲ್ಲೇ ದೂರು ದಾಖಲಿಸಿದರು. ಅದು ತೀರ್ಪು ಕೊಡುವ ಸಂಸ್ಥೆಯಲ್ಲ, ಆದರೆ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಜೊತೆಗೆ ವಕೀಲರ ಮೂಲಕ ತಯಾರಕರಿಗೂ ಸರ್ವಿಸ್ ಸೆಂಟರ್ ನಡೆಸುವ ಡೀಲರ್‌ಗೂ ಪ್ರತ್ಯೇಕವಾಗಿ ನೋಟಿಸ್ ಹೋಯಿತು. ಇಬ್ಬರಿಗೂ ಕಳುಹಿಸಿದ್ದಕ್ಕೆ ಕಾರಣವಿದೆ. ಡೀಲರ್ ಮತ್ತು ತಯಾರಕರು ಸ್ವತಂತ್ರ ವ್ಯಾಪಾರಿಗಳಾಗಿ ವ್ಯವಹರಿಸುವಾಗ, ತಯಾರಕರಿಗೆ ತಿಳಿಯದಂತೆ ಡೀಲರ್ ಮಾಡಿದ ತಪ್ಪಿಗೆ ತಯಾರಕರನ್ನು ತಾನಾಗಿಯೇ ಹೊಣೆಯಾಗಿಸಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಕಾರು ಮಾರಾಟದ ಪ್ರಕರಣವೊಂದರಲ್ಲಿ ಹೇಳಿದೆ. ಈ ಪ್ರಕರಣದಲ್ಲಿ ಸೋತ ಭಾಗ ತಯಾರಕರದು, ಸದ್ದನ್ನು ಸಹಜವೆಂದು ಬರೆದ ಕೈ ಡೀಲರ್‌ನದು. ಒಬ್ಬರಿಗೆ ಮಾತ್ರ ಬರೆದಿದ್ದರೆ ಅವರು ಇನ್ನೊಬ್ಬರತ್ತ ಬೊಟ್ಟುಮಾಡಲು ಅವಕಾಶವಿರುತ್ತಿತ್ತು. ಎರಡೂ ನೋಟಿಸ್‌ಗಳಿಗೆ ಜಾಬ್ ಕಾರ್ಡಿನ ಪ್ರತಿಯನ್ನು ಲಗತ್ತಿಸಿ, ಮೂಲವನ್ನು ಮನೆಯಲ್ಲೇ ಉಳಿಸಿಕೊಂಡರು.

ಫಲಿತಾಂಶ

2025ರ ಜನವರಿಯಲ್ಲಿ ಕಂಪನಿ ಭಾಗಗಳ ಪೂರ್ತಿ ವೆಚ್ಚವನ್ನು ಭರಿಸಲು ಒಪ್ಪಿತು; ಗಾಡಿ ನಿಂತದ್ದರ ಶುಲ್ಕವನ್ನು ಡೀಲರ್ ಬಿಟ್ಟರು. ಕೂಲಿ ಮತ್ತು ಆಯಿಲ್, ಕೂಲಂಟ್ ಸೇರಿ 30,400 ರೂಪಾಯಿ ಕುಟುಂಬದ ಪಾಲಿಗೆ ಉಳಿಯಿತು. ಸದ್ದನ್ನು ಕಡೆಗಣಿಸಿದ್ದು ಡೀಲರ್ ಆದ್ದರಿಂದ ಕೂಲಿಯನ್ನಾದರೂ ಅವರೇ ಹೊರಬೇಕಿತ್ತು, ಇನ್ನೊಂದು ಸುತ್ತು ಕೇಳಬಹುದಿತ್ತು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಶಿಕ್ಷಕಿಯ ಲೆಕ್ಕ ಬೇರೆ: ದಿನವೂ ಶಾಲೆಗೆ ಎರಡು ಬಸ್ಸು ಬದಲಿಸಬೇಕು, ವಯಸ್ಸಾದ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಪ್ರತಿ ಬಾರಿಯೂ ಬಾಡಿಗೆ ಗಾಡಿ ಹುಡುಕಬೇಕು. ಹೊತ್ತು ಕಳೆದಷ್ಟೂ ಸೋರಿಹೋಗುವ ಹಣವನ್ನೂ ಕೂಡಿಸಿ ನೋಡಿದರೆ ಅವರ ನಿರ್ಧಾರಕ್ಕೆ ಆಧಾರವಿತ್ತು.

ಒಪ್ಪಂದ ಪತ್ರದ ಕರಡಿನಲ್ಲಿ ಎರಡು ಸಾಲುಗಳು ತೊಡಕಿನವು. ಕಾರಿನಲ್ಲಿ ಉತ್ಪಾದನಾ ದೋಷವಿಲ್ಲವೆಂದು ಒಪ್ಪುತ್ತೇನೆ ಎಂಬುದು ಒಂದು. ಈ ವಾಹನದ ಬಗ್ಗೆ ಮುಂದೆಂದೂ ಯಾವ ದೂರನ್ನೂ ಯಾವ ಪ್ರಾಧಿಕಾರಕ್ಕೂ ಸಲ್ಲಿಸುವುದಿಲ್ಲ ಎಂಬುದು ಇನ್ನೊಂದು. ತಿಂಗಳುಗಟ್ಟಲೆ ಕಾದವರು ಗಾಡಿಯ ಕೀ ಕಣ್ಣೆದುರು ಇರುವಾಗ ಇಂಥ ಸಾಲುಗಳನ್ನು ಓದದೆ ಸಹಿ ಹಾಕಿಬಿಡುತ್ತಾರೆ. ಇವರು ಓದಿದರು. ಮೊದಲನೆಯದನ್ನು ತೆಗೆಸಿ, ಎರಡನೆಯದನ್ನು "ಈ ದುರಸ್ತಿಯ ವೆಚ್ಚದ ಮಟ್ಟಿಗೆ ಬೇರೆ ಬೇಡಿಕೆ ಇರುವುದಿಲ್ಲ" ಎಂದು ಬದಲಿಸಿದರು. ಹೊಸದಾಗಿ ಹಾಕಿದ ಭಾಗಗಳಿಗೆ ಒಂದು ವರ್ಷ ಅಥವಾ 20,000 ಕಿಲೋಮೀಟರಿನ ವಾರಂಟಿಯನ್ನು ಬಾಯಿಮಾತಿಗೆ ಬಿಡದೆ ಬಿಲ್ಲಿನ ಮೇಲೆ ಬರೆಸಿಕೊಂಡರು. ಹಳೆಯ ಟೆನ್ಷನರ್ ಮತ್ತು ಚೈನ್, ವೆಚ್ಚ ಭರಿಸಿದ ಕಂಪನಿಗೆ ಹಿಂದಿರುಗಬೇಕಿತ್ತು. ಅವುಗಳನ್ನು ಪಡೆದುಕೊಂಡಿದ್ದಕ್ಕೆ, ಪಾರ್ಟ್ ನಂಬರ್ ಸಹಿತ, ರಸೀದಿ ಕೇಳಿ ಪಡೆದರು.

ಜಾಬ್ ಕಾರ್ಡಿನ ಆ ಒಂದು ಸಾಲು ಇಲ್ಲದಿದ್ದರೆ ಪ್ರಕರಣ ಶೇಕಡ 40ರಲ್ಲೇ ನಿಲ್ಲುತ್ತಿತ್ತೆಂಬುದು ನನ್ನ ನಂಬಿಕೆ. ಸರ್ವಿಸ್‌ಗೆ ಬಿಡುವಾಗ ಹೆಚ್ಚಿನವರು ಇಂಥ ಸದ್ದುಗಳನ್ನು ಅಡ್ವೈಸರ್‌ಗೆ ಬಾಯಲ್ಲಿ ಹೇಳಿ ಬರುತ್ತಾರೆ. ಅದು ದೂರಿನ ಅಂಕಣಕ್ಕೆ ಇಳಿದಿದೆಯೇ ಎಂದು ಅಲ್ಲೇ ನಿಂತು ಓದಿ ಸಹಿ ಹಾಕುವುದಕ್ಕೆ ಎರಡು ನಿಮಿಷ ಸಾಕು, ಮತ್ತು ವಾರಂಟಿ ಮುಗಿಯುವ ಕೊನೆಯ ಕೆಲವು ತಿಂಗಳುಗಳಲ್ಲಿ ಆ ಎರಡು ನಿಮಿಷಕ್ಕೆ ಬಹಳ ಬೆಲೆಯಿದೆ.

ಕರಡಿನ ಎರಡನೆಯ ಸಾಲನ್ನು ಬದಲಿಸಿದ್ದರಿಂದ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ ದೋಷವಿರುವ ವಾಹನಗಳನ್ನು ತಯಾರಕರು ಹಿಂದಕ್ಕೆ ಕರೆಸಿಕೊಳ್ಳುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಏಳು ವರ್ಷದೊಳಗಿನ ವಾಹನದ ಮಾಲೀಕರು ದೋಷವನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಒಂದೇ ಮಾದರಿಯ ಬಗ್ಗೆ ಸಾಕಷ್ಟು ದೂರುಗಳು ಸೇರಿದಾಗ ತನಿಖೆಯ ಪ್ರಶ್ನೆ ಬರುತ್ತದೆ. ತಮ್ಮ ಗಾಡಿ ಸರಿಯಾದ ಮೇಲೂ ಶಿಕ್ಷಕಿ ಟೆನ್ಷನರ್‌ನ ಹಳೆಯ ಪಾರ್ಟ್ ನಂಬರ್ ಸಹಿತ ಅಲ್ಲಿ ದೂರು ದಾಖಲಿಸಿದ್ದಾರೆ. ಅದೇ ಮಾದರಿಯ ಕಾರು ಇಟ್ಟುಕೊಂಡು, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಅದೇ ಸದ್ದನ್ನು ಕೇಳುತ್ತಿರುವ ಬೇರೆಯವರಿಗಾಗಿ ಅವರು ಮಾಡಿದ ಕೆಲಸ ಇದು.